ನೋಡಿದವನ ಋಣ

ನೆಲವನ್ನು ಬಗೆದು ಮಾಡಿದ ಒಂದು ಬೃಹತ್ ಹೊಂಡ. ಅದರ ಗೋಡೆಗಳಿಗೆ ಆನಿಸಿಟ್ಟ ಮರದ ಏಣಿಗಳು. ಆ ಏಣಿಗಳ ಮೇಲೆ ಒಬ್ಬರ ಹಿಂದೊಬ್ಬರಂತೆ, ಬೆನ್ನ ಮೇಲೆ ಮಣ್ಣಿನ ಚೀಲ ಹೊತ್ತು ಏರುತ್ತಿರುವ ಜನಸ್ತೋಮ. ಎಲ್ಲರ ಮೈಗೂ ಕೆಸರು ಮೆತ್ತಿದೆ. ಮನುಷ್ಯರು ಯಾರು, ಮಣ್ಣು ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಬ್ರೆಜಿಲ್ ದೇಶದ ಪಾರಾ ರಾಜ್ಯದ ಸೆರಾ ಪೆಲಾಡಾ ಎಂಬ ಚಿನ್ನದ ಗಣಿಯಲ್ಲಿ 1986ರಲ್ಲಿ ತೆಗೆದ ಈ ಕಪ್ಪು-ಬಿಳುಪು ಚಿತ್ರಗಳನ್ನು ಮೊದಲ ಸಲ ನೋಡುವವರು ಇದು ಇಪ್ಪತ್ತನೆಯ ಶತಮಾನದ ದೃಶ್ಯವೆಂದು ತಟ್ಟನೆ ನಂಬಲಾರರು. ಪಿರಮಿಡ್ಡುಗಳ ಕಾಲದ ಜೀತದಾಳುಗಳು ನೆನಪಾಗುತ್ತಾರೆ. ಆದರೆ ಆ ಹೊಂಡದಲ್ಲಿದ್ದ ಸುಮಾರು 50 ಸಾವಿರ ಜನರನ್ನು ಯಾರೂ ಸರಪಳಿ ಬಿಗಿದು ಎಳೆತಂದಿರಲಿಲ್ಲ. ಒಂದು ಚೀಲದ ಮಣ್ಣಿನಲ್ಲಾದರೂ ಅದೃಷ್ಟ ಅಡಗಿದ್ದೀತೆಂಬ ಆಸೆಯೇ ಅವರನ್ನು ಅಲ್ಲಿ ಕಟ್ಟಿಹಾಕಿತ್ತು.

ಅದೇ ದೇಶದ ಇನ್ನೊಂದು ಮೂಲೆಯ ಎರಡು ಚಿತ್ರಗಳೂ ಲೋಕಪ್ರಸಿದ್ಧ. ಎರಡೂ ಒಂದೇ ಗುಡ್ಡದವು. ಮೊದಲನೆಯದರಲ್ಲಿ ಗುಡ್ಡ ಬೋಳಾಗಿದೆ, ದನಗಳ ಗೊರಸಿಗೆ ಸಿಕ್ಕಿ ನೆಲ ಗಟ್ಟಿಯಾಗಿದೆ, ಮಳೆ ಕೊರೆದ ಕೊರಕಲುಗಳು ಗಾಯದಂತೆ ಕೆಂಪಗೆ ಕಾಣುತ್ತವೆ. ಹತ್ತಾರು ವರ್ಷಗಳ ನಂತರದ ಎರಡನೆಯ ಚಿತ್ರದಲ್ಲಿ ನೆಲವೇ ಕಾಣದಷ್ಟು ದಟ್ಟವಾದ ಕಾಡಿದೆ. ಚಿನ್ನದ ಗಣಿಯ ಚಿತ್ರ ತೆಗೆದವರೂ ಈ ಗುಡ್ಡದ ಮೇಲೆ ಕಾಡು ಬೆಳೆಸಿದವರೂ ಒಬ್ಬರೇ. 2025ರ ಮೇ 23ರಂದು ಪ್ಯಾರಿಸ್‌ನಲ್ಲಿ ತಮ್ಮ 81ನೆಯ ವಯಸ್ಸಿನಲ್ಲಿ ನಿಧನರಾದ ಸೆಬಾಸ್ಟಿಯಾವೊ ಸಲ್ಗಾಡೊ ಅವರು.

ಅವರನ್ನು ಕುರಿತ ಶ್ರದ್ಧಾಂಜಲಿ ಲೇಖನಗಳಲ್ಲಿ ಈ ಎರಡು ಸಾಧನೆಗಳನ್ನು ಒಂದರ ಪಕ್ಕ ಒಂದಿಟ್ಟು ಹೊಗಳುವುದು ವಾಡಿಕೆಯಾಗಿದೆ. ಮಹಾನ್ ಛಾಯಾಗ್ರಾಹಕ, ಜೊತೆಗೆ ಪರಿಸರಪ್ರೇಮಿ ಎಂಬ ಧಾಟಿಯಲ್ಲಿ. ಆದರೆ ಆ 'ಜೊತೆಗೆ' ಎಂಬ ಮಾತಿನಲ್ಲಿ ಅವರ ಬದುಕಿನ ಮುಖ್ಯ ಪ್ರಶ್ನೆಯೇ ಮರೆಯಾಗಿಬಿಡುತ್ತದೆ. ಅನ್ಯರ ಸಂಕಟವನ್ನು ಕಣ್ಣಾರೆ ಕಂಡು ಅದನ್ನು ಲೋಕಕ್ಕೆ ತೋರಿಸಿದವನ ಕರ್ತವ್ಯ ಅಷ್ಟಕ್ಕೇ ಮುಗಿಯುತ್ತದೆಯೇ? ಕ್ಯಾಮೆರಾದ ಗುಂಡಿ ಒತ್ತಿದ ಮೇಲೆ ಉಳಿಯುವ ಋಣ ಯಾವುದು? ಸಲ್ಗಾಡೊ ಅವರ ಐದು ದಶಕಗಳ ವೃತ್ತಿಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ ಗಣಿಗೂ ಕಾಡಿಗೂ ಇರುವ ನಂಟು ತಿಳಿಯುತ್ತದೆ.

ಕಾಫಿಯ ಲೆಕ್ಕದಿಂದ ಕ್ಯಾಮೆರಾಕ್ಕೆ

ಸಲ್ಗಾಡೊ ಹುಟ್ಟಿದ್ದು 1944ರ ಫೆಬ್ರುವರಿ 8ರಂದು, ಮಿನಾಸ್ ಜೆರಾಯಿಸ್ ರಾಜ್ಯದ ಐಮೊರೆಸ್ ಎಂಬಲ್ಲಿ. ತಂದೆ ದನಗಾಹಿ ಜಮೀನುದಾರ. ರಿಯೊ ದೊಸಿ, ಅಂದರೆ 'ಸಿಹಿ ನದಿ'ಯ ಕಣಿವೆಯಲ್ಲಿ ಅವರ ಜಮೀನು. ಬಾಲ್ಯದಲ್ಲಿ ಆ ಜಮೀನಿನ ಅರ್ಧದಷ್ಟು ಭಾಗ ಅಟ್ಲಾಂಟಿಕ್ ಮಳೆಕಾಡಾಗಿತ್ತೆಂದು ಅವರು ಮುಂದೆ ನೆನೆಯುತ್ತಿದ್ದರು. ಮಕ್ಕಳನ್ನು ಓದಿಸಲು, ಹುಲ್ಲುಗಾವಲು ವಿಸ್ತರಿಸಲು ತಂದೆ ಮರಗಳನ್ನು ಕಡಿಸಿದರು. ಆ ಸೀಮೆಯ ಎಲ್ಲ ಜಮೀನುದಾರರೂ ಮಾಡಿದ್ದು ಅದನ್ನೇ. ಹೀಗೆ ಕಾಡಿನ ಬೆಲೆಯಲ್ಲಿ ಓದಿದ ಮಗ ಅರ್ಥಶಾಸ್ತ್ರಜ್ಞನಾದ. 1967ರಲ್ಲಿ ಲೇಲಿಯಾ ವಾನಿಕ್ ಅವರೊಂದಿಗೆ ಮದುವೆಯಾಯಿತು. 1964ರಲ್ಲಿ ಅಧಿಕಾರ ಕಸಿದುಕೊಂಡಿದ್ದ ಸೇನಾಡಳಿತದ ವಿರುದ್ಧ ನಿಂತಿದ್ದ ಈ ಎಡಪಂಥೀಯ ದಂಪತಿ 1969ರಲ್ಲಿ ದೇಶ ಬಿಟ್ಟು ಪ್ಯಾರಿಸ್ ಸೇರಿದರು.

ವಾಸ್ತುಶಿಲ್ಪದ ವಿದ್ಯಾರ್ಥಿನಿಯಾಗಿದ್ದ ಲೇಲಿಯಾ ತಮ್ಮ ಅಭ್ಯಾಸಕ್ಕಾಗಿ ಒಂದು ಕ್ಯಾಮೆರಾ ಕೊಂಡಿದ್ದರು. ಅದನ್ನು ಮೊದಲು ಎತ್ತಿಕೊಂಡದ್ದು ಗಂಡ. ಆಗ ಸಲ್ಗಾಡೊ ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞರು. ಕೆಲಸದ ನಿಮಿತ್ತ ಆಫ್ರಿಕಕ್ಕೆ ಹೋದಾಗಲೆಲ್ಲ ಕ್ಯಾಮೆರಾ ಹೆಗಲಲ್ಲಿರುತ್ತಿತ್ತು. ಹಿಂತಿರುಗಿ ಬಂದು ಬರೆಯಬೇಕಾದ ವರದಿಗಿಂತ ತೊಳೆದು ತೆಗೆದ ಚಿತ್ರಗಳೇ ಅವರಿಗೆ ಹೆಚ್ಚು ನಿಜವಾಗಿ ಕಾಣತೊಡಗಿದವು. 1973ರಲ್ಲಿ, ಒಳ್ಳೆಯ ಸಂಬಳದ ನೌಕರಿ ಬಿಟ್ಟು ಕೈಯಲ್ಲಿ ಕಾಸಿಲ್ಲದ ಛಾಯಾಗ್ರಾಹಕರಾದರು. ಆದರೆ ಅರ್ಥಶಾಸ್ತ್ರ ಅವರನ್ನು ಬಿಡಲಿಲ್ಲ. ಅವರ ಚಿತ್ರಸರಣಿಗಳ ವಸ್ತುಗಳನ್ನೇ ನೋಡಿ: ಕೂಲಿ, ಸರಕು, ಭೂಮಿಯ ಒಡೆತನ, ವಲಸೆ. ಸುದ್ದಿಯ ಬೆನ್ನು ಹತ್ತುವವರ ಪಟ್ಟಿ ಇದಲ್ಲ; ಸುದ್ದಿಯ ಹಿಂದಿನ ಕಾರಣಗಳನ್ನು ಹುಡುಕುವವರ ಪಟ್ಟಿ. ಎಷ್ಟೋ ವರ್ಷಗಳ ಮೇಲೆ ಅವರು ಕಾಫಿಯ ಲೋಕಕ್ಕೂ ಕ್ಯಾಮೆರಾ ಹಿಡಿದೇ ಹಿಂತಿರುಗಿದರು. ಕಾಫಿ ಬೆಳೆಗಾರರನ್ನು ಮತ್ತು ಕಾರ್ಮಿಕರನ್ನು ಕುರಿತು 2015ರಲ್ಲಿ ಬಂದ ಅವರ ಪುಸ್ತಕದಲ್ಲಿ ಭಾರತದ ತೋಟಗಳೂ ಇವೆ.

ಸಿಗ್ಮಾ, ಗಾಮಾ ಸಂಸ್ಥೆಗಳಲ್ಲಿ ಪಳಗಿ 1979ರಲ್ಲಿ ಅವರು ಮ್ಯಾಗ್ನಮ್ ಸೇರಿದರು. 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನ ಹೋಟೆಲೊಂದರ ಹೊರಗೆ ಅಧ್ಯಕ್ಷ ರೇಗನ್ ಮೇಲೆ ಗುಂಡಿನ ದಾಳಿ ನಡೆದಾಗ ಅಲ್ಲಿದ್ದ ಕೆಲವೇ ಛಾಯಾಗ್ರಾಹಕರಲ್ಲಿ ಸಲ್ಗಾಡೊ ಒಬ್ಬರು. ಆ ಚಿತ್ರಗಳು ಜಗತ್ತಿನಾದ್ಯಂತ ಮಾರಾಟವಾದವು. ಇನ್ನೊಬ್ಬರಾಗಿದ್ದರೆ ಆ ಖ್ಯಾತಿಯನ್ನೇ ಬಂಡವಾಳ ಮಾಡಿಕೊಂಡು ರಾಜಧಾನಿಗಳಲ್ಲಿ ನೆಲೆಯೂರುತ್ತಿದ್ದರು. ಸಲ್ಗಾಡೊ ಆ ಹಣವನ್ನು ತಮ್ಮ ಸ್ವಂತ ಯೋಜನೆಗಳಿಗೆ ಬಳಸಿದರು. ಆ ಒಂದು ನಿಮಿಷದ ಛಾಯಾಗ್ರಾಹಕನೆಂದೇ ಹೆಸರಾಗುವುದು ಅವರಿಗೆ ಬೇಕಿರಲಿಲ್ಲ.

ದುಡಿಯುವ ಕೈ, ನಡೆಯುವ ಕಾಲು

1984ರಲ್ಲಿ ಆಫ್ರಿಕದ ಸಹೇಲ್ ಪ್ರದೇಶವನ್ನು ಕ್ಷಾಮ ಆವರಿಸಿತು. 'ಗಡಿಗಳಿಲ್ಲದ ವೈದ್ಯರು' ಎಂಬ ಫ್ರೆಂಚ್ ಸೇವಾಸಂಸ್ಥೆಯೊಡನೆ ಸಲ್ಗಾಡೊ ಇಥಿಯೋಪಿಯ, ಸುಡಾನ್, ಚಾಡ್, ಮಾಲಿ ದೇಶಗಳ ನಿರಾಶ್ರಿತರ ಶಿಬಿರಗಳಲ್ಲಿ ಹದಿನೈದು ತಿಂಗಳ ಕಾಲ ದುಡಿದರು. ಪತ್ರಕರ್ತರು ಎರಡು ದಿನ ಇದ್ದು ಮರಳುತ್ತಿದ್ದ ಜಾಗಗಳಲ್ಲಿ ಅವರು ವಾರಗಟ್ಟಲೆ ಉಳಿದರು. 1986ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂದ ಆ ಪುಸ್ತಕದ ಆದಾಯ ಸಂಸ್ಥೆಗೇ ಹೋಯಿತು. ಅದು ಇಂಗ್ಲಿಷಿನಲ್ಲಿ ಬಂದದ್ದು 2004ರಲ್ಲಿ. ಹಸಿವಿನ ಚಿತ್ರಗಳು ಇಂಗ್ಲಿಷ್ ಓದುವ ಶ್ರೀಮಂತ ಲೋಕವನ್ನು ತಲುಪಲು ಹದಿನೆಂಟು ವರ್ಷ ಬೇಕಾಯಿತು.

ಮುಂದಿನ ಆರು ವರ್ಷ ಅವರು ದೈಹಿಕ ಶ್ರಮದ ದಾಖಲಾತಿಗೆ ಮೀಸಲಿಟ್ಟರು. ಕ್ಯೂಬಾದ ಕಬ್ಬಿನ ಗದ್ದೆ, ಇಂಡೋನೇಷ್ಯದ ಜ್ವಾಲಾಮುಖಿಯ ಬಾಯಿಂದ ಗಂಧಕ ಹೊತ್ತು ತರುವವರು, ಬಾಂಗ್ಲಾದೇಶದ ಕರಾವಳಿಯಲ್ಲಿ ಹಡಗು ಒಡೆಯುವವರು, ಇಂಗ್ಲೆಂಡ್-ಫ್ರಾನ್ಸ್ ನಡುವೆ ಕಡಲಡಿಯ ಸುರಂಗ ಕೊರೆಯುವವರು. ಭಾರತದಲ್ಲಿ ಧನಬಾದ್‌ನ ಕಲ್ಲಿದ್ದಲು ಗಣಿಗಳಿಗೂ, ರಾಜಸ್ಥಾನದ ಮರುಭೂಮಿಯಲ್ಲಿ ಕಾಲುವೆ ತೋಡುತ್ತಿದ್ದ ಹೆಂಗಸರ ನಡುವೆಗೂ ಬಂದರು. 1991ರಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಇರಾಕಿ ಸೇನೆ ಕುವೈತಿನ ನೂರಾರು ತೈಲಬಾವಿಗಳಿಗೆ ಬೆಂಕಿಯಿಟ್ಟಾಗ, ಅವನ್ನು ಆರಿಸುತ್ತಿದ್ದ ಕಾರ್ಮಿಕರ ನಡುವೆ ನಿಂತು ಚಿತ್ರ ತೆಗೆದರು. ಆ ಬಾವಿಗಳ ಭೋರ್ಗರೆತ ಅವರ ಕಿವಿಗಳಿಗೆ ಶಾಶ್ವತ ಹಾನಿ ಮಾಡಿತು. 26 ದೇಶಗಳ ಈ ದಾಖಲೆ 1993ರಲ್ಲಿ 'ವರ್ಕರ್ಸ್' ಎಂಬ ಬೃಹತ್ ಗ್ರಂಥವಾಯಿತು. ಕೈಯ ದುಡಿಮೆಯ ಜಾಗವನ್ನು ಯಂತ್ರ ಆಕ್ರಮಿಸುತ್ತಿದ್ದ ಕಾಲದಲ್ಲಿ ಅದು ಒಂದು ಯುಗಕ್ಕೆ ಹೇಳಿದ ವಿದಾಯ.

ಕೆಲಸ ಕಳೆದುಕೊಂಡ ಕೈಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆ ಅವರನ್ನು ಸಹಜವಾಗಿಯೇ ವಲಸೆಯ ಕಡೆಗೆ ಕೊಂಡೊಯ್ದಿತು. 1993ರಿಂದ ಆರೇಳು ವರ್ಷ ನಿರಾಶ್ರಿತರು, ಗುಳೆ ಹೊರಟವರು, ಮಹಾನಗರಗಳ ಕೊಳೆಗೇರಿಗಳಿಗೆ ಬಂದು ಬಿದ್ದವರ ಹಿಂದೆ ಅಲೆದರು. ಮುಂಬೈ ಚರ್ಚ್‌ಗೇಟ್ ನಿಲ್ದಾಣದ 1995ರ ಚಿತ್ರವೊಂದು ಈ ಸರಣಿಯದು. ಲೋಕಲ್ ರೈಲುಗಳು ನಿಚ್ಚಳವಾಗಿ ನಿಂತಿವೆ. ಅವುಗಳ ನಡುವಿನ ಪ್ಲಾಟ್‌ಫಾರಂಗಳಲ್ಲಿ ಜನ ಮಾತ್ರ ಹೊಗೆಯಂತೆ, ಹರಿಯುವ ನೀರಿನಂತೆ ಮಸುಕಾಗಿದ್ದಾರೆ. ಮುಂಬೈ ಬಲ್ಲವರಿಗೆ ಆ ಮಸುಕಿನಲ್ಲಿ ತಮ್ಮದೇ ಊರಿನ ಯಾರಾದರೂ ಇದ್ದಾರು ಎನಿಸದಿರದು. 2000ದಲ್ಲಿ ಈ ಸಂಗ್ರಹ ಪ್ರಕಟವಾಯಿತು.

ಚೆಲುವಿನ ಮೇಲಿನ ಆಪಾದನೆ

ಕೀರ್ತಿ ಏರಿದಂತೆ ಪ್ರಶ್ನೆಗಳೂ ಎದ್ದವು. 1991ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ವಿಮರ್ಶಕಿ ಇಂಗ್ರಿಡ್ ಸಿಶಿ, ಸಲ್ಗಾಡೊ ಸಂಕಟವನ್ನು ಸುಂದರಗೊಳಿಸುತ್ತಾರೆ, ನೋಡುಗ ಮೆಚ್ಚಿಕೊಂಡು ಸುಮ್ಮನಾಗುತ್ತಾನೆಯೇ ಹೊರತು ಏನೂ ಮಾಡಲು ಹೊರಡುವುದಿಲ್ಲ ಎಂದು ಕಟುವಾಗಿ ಬರೆದರು. ಲೇಖಕಿ ಸೂಸನ್ ಸೊಂಟ್ಯಾಗ್ ತಮ್ಮ 2003ರ ಪುಸ್ತಕದಲ್ಲಿ ಇನ್ನೂ ಸೂಕ್ಷ್ಮವಾದ ಎರಡು ಆಕ್ಷೇಪಗಳನ್ನೆತ್ತಿದರು. ಒಂದು, ವಲಸೆಯ ಚಿತ್ರಗಳ ಅಡಿಬರಹಗಳಲ್ಲಿ ಆ ಜನರ ಹೆಸರೇ ಇಲ್ಲ. ಪ್ರಸಿದ್ಧರ ಚಿತ್ರಕ್ಕೆ ಹೆಸರಿರುತ್ತದೆ, ಬಡವನು ಮಾತ್ರ ತನ್ನ ಕಸುಬಿನ, ಕುಲದ, ಕಷ್ಟದ ಮಾದರಿಯಾಗಿ ಉಳಿಯುತ್ತಾನೆ. ಎರಡು, ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ಸಂಕಟಗಳನ್ನು ಒಂದೇ ಶೀರ್ಷಿಕೆಯಡಿ ಸೇರಿಸಿದಾಗ ದುಃಖ ಎಷ್ಟು ಅಗಾಧವಾಗಿ ತೋರುತ್ತದೆಂದರೆ, ಅದನ್ನು ಯಾವ ರಾಜಕೀಯ ಕ್ರಮದಿಂದಲೂ ಸರಿಪಡಿಸಲಾಗದು ಎಂಬ ಹತಾಶೆ ನೋಡುಗನನ್ನು ಆವರಿಸುತ್ತದೆ.

ಮೊದಲನೆಯ ಟೀಕೆಗೆ ಸಲ್ಗಾಡೊ ಅವರ ಉತ್ತರ ನೇರವಾಗಿತ್ತು. ತಾನು ಬಂದದ್ದೇ ಬಡ ಜಗತ್ತಿನಿಂದ. ಅಲ್ಲಿಯ ಬೆಳಕೂ ಶ್ರೀಮಂತರ ಜಗತ್ತಿನ ಬೆಳಕೂ ಒಂದೇ, ಅಲ್ಲಿಯ ಮನುಷ್ಯರ ಘನತೆಯೂ ಒಂದೇ, ಹಾಗಿರುವಾಗ ಬಡವರ ಚಿತ್ರ ಮಾತ್ರ ಏಕೆ ವಿಕಾರವಾಗಿರಬೇಕು ಎಂದು ಅವರು ಕೇಳುತ್ತಿದ್ದರು. ಈ ಮಾತಿನಲ್ಲಿ ತೂಕವಿದೆ. ಹಸಿದವನಿಗೂ ಅಂದವಾಗಿ ಕಾಣುವ ಹಕ್ಕಿದೆ. ದೈನ್ಯವನ್ನಷ್ಟೇ ತೋರಿಸುವ ಚಿತ್ರ ಕರುಣೆಯನ್ನು ಹುಟ್ಟಿಸಬಹುದು, ಗೌರವವನ್ನಲ್ಲ. ಸೆರಾ ಪೆಲಾಡಾದ ಒಂದು ಚಿತ್ರದಲ್ಲಿ ಕೆಸರು ಮೆತ್ತಿದ ಕಾರ್ಮಿಕನೊಬ್ಬ ಪೊಲೀಸನ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದಾನೆ. ಅದನ್ನು ನೋಡಿದವರಾರೂ ಆ ಕಾರ್ಮಿಕನ ಬಗ್ಗೆ 'ಅಯ್ಯೋ ಪಾಪ' ಎನ್ನಲಾರರು.

ಆದರೆ ಸೊಂಟ್ಯಾಗ್ ಅವರ ಆಕ್ಷೇಪಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಹೆಸರಿಲ್ಲದ ಮುಖ ನಿಧಾನವಾಗಿ ಸಂಕೇತವಾಗುತ್ತದೆ. ಸಂಕೇತಕ್ಕೆ ಊಟ ಬೇಡ, ನ್ಯಾಯ ಬೇಡ, ಚೌಕಟ್ಟು ಸಾಕು. ಇನ್ನು 'ಇದರಿಂದ ಏನಾಯಿತು' ಎಂಬ ಪ್ರಶ್ನೆಯಂತೂ ವಿಮರ್ಶಕರಿಗಿಂತ ಮೊದಲೇ, ವಿಮರ್ಶಕರಿಗಿಂತ ಹೆಚ್ಚು ಕ್ರೂರವಾಗಿ ಸಲ್ಗಾಡೊ ಅವರನ್ನೇ ಕಾಡಿತ್ತು.

ರುವಾಂಡಾ

1991ರಲ್ಲಿ ಶ್ರಮದ ಸರಣಿಗಾಗಿ ಅವರು ರುವಾಂಡಾದ ಚಹಾ ತೋಟಗಳ ಚಿತ್ರ ತೆಗೆದಿದ್ದರು. ಹಸಿರು ಗುಡ್ಡಗಳ ಚೆಲುವಾದ ದೇಶ ಅದು. 1994ರ ಏಪ್ರಿಲ್‌ನಿಂದ ನೂರು ದಿನಗಳ ಅವಧಿಯಲ್ಲಿ ಅಲ್ಲಿ ಲಕ್ಷಾಂತರ ಟುಟ್ಸಿ ಜನರ ಹತ್ಯೆ ನಡೆಯಿತು. ವಲಸೆಯ ಸರಣಿಗಾಗಿ ಸಲ್ಗಾಡೊ ಅದೇ ನೆಲಕ್ಕೆ ಮರಳಿದಾಗ ಕಂಡದ್ದು ರಸ್ತೆಯ ಇಕ್ಕೆಲಗಳ ಹೆಣಗಳನ್ನು, ಟಾಂಜಾನಿಯಾ ಗಡಿಯ ನಿರಾಶ್ರಿತರ ಶಿಬಿರಗಳನ್ನು, ಜೈರೆ ದೇಶದ ಗೋಮಾದಲ್ಲಿ ಕಾಲರಾಕ್ಕೆ ತುತ್ತಾಗಿ ದಿನವೂ ಸಾಯುತ್ತಿದ್ದ ಸಾವಿರಾರು ಜನರನ್ನು. ಹೆಣಗಳನ್ನು ಗುಡ್ಡೆ ಹಾಕಿ ಬುಲ್ಡೋಜರಿನಿಂದ ಮಣ್ಣು ಮುಚ್ಚುವುದನ್ನೂ ಅವರು ಚಿತ್ರೀಕರಿಸಬೇಕಾಯಿತು.

ಅಲ್ಲಿಗೆ ಅವರ ಮೈ ಸೋತಿತು. ಪ್ಯಾರಿಸ್‌ನ ಸ್ನೇಹಿತ ವೈದ್ಯರೊಬ್ಬರು ಪರೀಕ್ಷಿಸಿ, ನಿನಗೆ ಬಂದಿರುವುದು ಸಾಮಾನ್ಯ ಕಾಯಿಲೆಯಲ್ಲ, ಇಷ್ಟೊಂದು ಸಾವುಗಳನ್ನು ಕಂಡು ನೀನೂ ಸಾಯುತ್ತಿದ್ದೀಯೆ, ಇದನ್ನು ನಿಲ್ಲಿಸು ಎಂದು ಹೇಳಿದ್ದನ್ನು ಸಲ್ಗಾಡೊ ಅನೇಕ ಕಡೆ ನೆನೆದಿದ್ದಾರೆ. ಮನುಷ್ಯಕುಲದ ಮೇಲೆಯೇ ಅವರ ನಂಬಿಕೆ ಕುಸಿಯಿತು. ನಾವು ಬದುಕಲು ಯೋಗ್ಯರಲ್ಲದ ಜೀವಿಗಳು ಎನಿಸಿತು. ಛಾಯಾಗ್ರಹಣವನ್ನೇ ಬಿಟ್ಟು ರೈತನಾಗುವ ಯೋಚನೆಯೂ ಬಂತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಪ್ಪತ್ತು ವರ್ಷ ಜಗತ್ತಿನ ಸಂಕಟಕ್ಕೆ ಸಾಕ್ಷಿಯಾದ ಮನುಷ್ಯ ಹೀಗೆ ಮುರಿದು ಬೀಳಲು ಕಾರಣ ಅವರು ಕಂಡ ಭೀಕರತೆ ಮಾತ್ರವಲ್ಲ. ತೋರಿಸಿದರೆ ಬದಲಾದೀತು ಎಂಬ ಭರವಸೆಯ ಮೇಲೆ ಸಾಕ್ಷಿಯ ಇಡೀ ವೃತ್ತಿ ನಿಂತಿದೆ. ಇಥಿಯೋಪಿಯದ ಚಿತ್ರಗಳ ನಂತರ ರುವಾಂಡಾ ನಡೆಯಿತು, ಅದೇ ಹೊತ್ತಿನಲ್ಲಿ ಬಾಲ್ಕನ್ ಯುದ್ಧವೂ ನಡೆಯುತ್ತಿತ್ತು. ಲೋಕ ಎಲ್ಲವನ್ನೂ ನೋಡಿತು, ನೋಡುತ್ತಲೇ ಇತ್ತು.

ಸಸಿಯ ಪಾಠ

ಆ ದಿನಗಳಲ್ಲಿಯೇ ವಯಸ್ಸಾದ ತಂದೆತಾಯಿಯರಿಂದ ಐಮೊರೆಸ್‌ನ ಬುಲ್ಕಾವೊ ಜಮೀನು ಸಲ್ಗಾಡೊ ದಂಪತಿಯ ಕೈಗೆ ಬಂತು. ಬಾಲ್ಯದಲ್ಲಿ ಸ್ವರ್ಗವಾಗಿದ್ದ ನೆಲ ಈಗ ಅವರಷ್ಟೇ ಬಳಲಿತ್ತು. ಅರ್ಧದಷ್ಟಿದ್ದ ಕಾಡಿನ ಜಾಗದಲ್ಲಿ ಶೇಕಡ ಒಂದರಷ್ಟೂ ಕಾಡಿರಲಿಲ್ಲ. ತೊರೆಗಳು ಬತ್ತಿದ್ದವು. ಇಲ್ಲಿ ಮತ್ತೆ ಕಾಡು ಬೆಳೆಸೋಣ ಎಂದದ್ದು ಲೇಲಿಯಾ. ಸಲ್ಗಾಡೊ ಅವರ ಪುಸ್ತಕಗಳ ವಿನ್ಯಾಸ, ಪ್ರದರ್ಶನಗಳ ಸಂಯೋಜನೆ, 1994ರಲ್ಲಿ ಮ್ಯಾಗ್ನಮ್ ಬಿಟ್ಟಮೇಲೆ ಇಬ್ಬರೂ ಕಟ್ಟಿದ ಸಂಸ್ಥೆಯ ಆಡಳಿತ, ಇವೆಲ್ಲದರ ಹಿಂದಿದ್ದವರೂ ಅವರೇ. ಮೊದಲ ಕ್ಯಾಮೆರಾ ಅವರದು, ಮೊದಲ ಸಸಿಯ ಯೋಚನೆಯೂ ಅವರದು. ಒಬ್ಬರ ಹೆಸರಿನಲ್ಲಿ ನಡೆದ ಇಬ್ಬರ ವೃತ್ತಿಜೀವನ ಇದು ಎಂದರೆ ತಪ್ಪಾಗದು.

1998ರಲ್ಲಿ 'ಇನ್‌ಸ್ಟಿಟ್ಯೂಟೊ ಟೆರ್ರಾ' ಅಂದರೆ ಭೂಮಿ ಸಂಸ್ಥೆ ಹುಟ್ಟಿತು. ಸುಮಾರು 600 ಹೆಕ್ಟೇರ್ ನೆಲವನ್ನು ಖಾಸಗಿ ಸಂರಕ್ಷಿತ ಪ್ರದೇಶವೆಂದು ಸರ್ಕಾರದಲ್ಲಿ ನೋಂದಾಯಿಸಲಾಯಿತು. ಸಾಮಾನ್ಯವಾಗಿ ಇಂಥ ಮಾನ್ಯತೆ ಸಿಗುವುದು ಇರುವ ಕಾಡಿಗೆ. ಇಲ್ಲಿ ಇಲ್ಲದ ಕಾಡಿಗೆ ಸಿಕ್ಕಿತು, ಬೆಳೆಸುತ್ತೇವೆಂಬ ವಾಗ್ದಾನದ ಮೇಲೆ. ಸಾಲಾಗಿ ನೀಲಗಿರಿ ನೆಟ್ಟು ಹಸಿರಾಯಿತೆಂದು ಕೈತೊಳೆದುಕೊಳ್ಳುವ ಯೋಜನೆ ಇದಾಗಿರಲಿಲ್ಲ. ಅಟ್ಲಾಂಟಿಕ್ ಮಳೆಕಾಡಿಗೆ ಸೇರಿದ ಇನ್ನೂರಕ್ಕೂ ಹೆಚ್ಚು ಸ್ಥಳೀಯ ಪ್ರಭೇದಗಳ ಬೀಜಗಳನ್ನು ಅಳಿದುಳಿದ ಕಾಡಿನ ತುಣುಕುಗಳಿಂದ ಆಯ್ದು ತಂದು ಸಸ್ಯಾಗಾರದಲ್ಲಿ ಮೊಳೆಸಬೇಕಿತ್ತು. ಬೇಗ ಬೆಳೆದು ನೆರಳು ಕೊಡುವ, ಅಲ್ಪಾಯುಷಿಗಳಾದ ಮರಗಳು ಮೊದಲು. ಆ ನೆರಳಿನಲ್ಲಿ ಮೆಲ್ಲಗೆ ಏಳುವ ದೀರ್ಘಾಯುಷಿಗಳು ನಂತರ. ದನಗಳಿಗೆಂದು ಹಿಂದೆ ಆಫ್ರಿಕದಿಂದ ತಂದು ಬಿತ್ತಿದ್ದ ಬ್ರಾಕಿಯೇರಿಯಾ ಹುಲ್ಲು ಸಸಿಗಳ ಉಸಿರು ಕಟ್ಟಿಸುತ್ತಿತ್ತು. ಮೊದಲ ವರ್ಷಗಳಲ್ಲಿ ನೆಟ್ಟ ಸಸಿಗಳಲ್ಲಿ ದೊಡ್ಡ ಪಾಲು ಸತ್ತುಹೋದವು. ಸತ್ತ ಜಾಗದಲ್ಲಿ ಮತ್ತೆ ನೆಟ್ಟರು.

ನಮ್ಮಲ್ಲಿ ಸಸಿ ನೆಡುವುದು ಬಹುಮಟ್ಟಿಗೆ ಒಂದು ಫೋಟೊಕ್ಕಾಗಿ. ವನಮಹೋತ್ಸವದ ದಿನ ಗಣ್ಯರು ಬಗ್ಗಿ ನಿಂತು ನೀರೆರೆಯುವ ಚಿತ್ರ ಮರುದಿನ ಪತ್ರಿಕೆಯಲ್ಲಿ ಬಂದರೆ ಕಾರ್ಯಕ್ರಮ ಯಶಸ್ವಿ. ಮುಂದಿನ ಬೇಸಿಗೆಗೆ ಆ ಗುಂಡಿಯಲ್ಲಿ ಏನಿದೆ ಎಂದು ನೋಡುವವರಿಲ್ಲ. ಫೋಟೊ ತೆಗೆಯುವುದನ್ನೇ ಕಸುಬಾಗಿಸಿಕೊಂಡಿದ್ದ ಸಲ್ಗಾಡೊ ಅವರ ನೆಲದಲ್ಲಿ ಮಾತ್ರ ಮುಂದಿನ ಬೇಸಿಗೆಯೇ ಮುಖ್ಯವಾಯಿತು. ಕಾಲು ಶತಮಾನದಲ್ಲಿ 20 ಲಕ್ಷಕ್ಕೂ ಹೆಚ್ಚು ಮರಗಳನ್ನು ನೆಡಲಾಯಿತು. ಬತ್ತಿದ ಚಿಲುಮೆಗಳಲ್ಲಿ ನೀರು ಮರಳಿತು. 170ಕ್ಕೂ ಹೆಚ್ಚು ಬಗೆಯ ಹಕ್ಕಿಗಳು, ಒಸೆಲಾಟ್ ಎಂಬ ಚುಕ್ಕೆಯ ಕಾಡುಬೆಕ್ಕಿನಂಥ ಪ್ರಾಣಿಗಳು ತಾವಾಗಿಯೇ ಬಂದವು. ನಂತರ ಸಂಸ್ಥೆ ತನ್ನ ಬೇಲಿಯಾಚೆಗೂ ಕೈಚಾಚಿ, ರಿಯೊ ದೊಸಿ ಕಣಿವೆಯ ಸಣ್ಣ ರೈತರ ಹೊಲಗಳಲ್ಲಿನ ನೀರಿನ ಸೆಲೆಗಳಿಗೆ ಬೇಲಿ ಹಾಕಿ ಮರ ಬೆಳೆಸುವ ಕೆಲಸ ಕೈಗೊಂಡಿತು.

ಆದಿಯ ಹುಡುಕಾಟ

ಕಾಡು ಮರಳಿದಾಗ ಕ್ಯಾಮೆರಾವೂ ಮರಳಿತು. ಕೆಟ್ಟದ್ದನ್ನು ತೋರಿಸಿದ್ದಾಯಿತು, ಕೆಡದೆ ಉಳಿದಿರುವುದನ್ನು ಈಗ ತೋರಿಸೋಣ ಎಂಬ ಸಂಕಲ್ಪದಿಂದ 2004ರಲ್ಲಿ 'ಜೆನೆಸಿಸ್' ಆರಂಭವಾಯಿತು. ಅಲ್ಲಿಯವರೆಗೆ ಅವರ ಚಿತ್ರಗಳಲ್ಲಿ ಮನುಷ್ಯನೊಬ್ಬನೇ ನಾಯಕ. ಅರುವತ್ತರ ಗಡಿಯಲ್ಲಿ ಅವರು ಮೊದಲ ಬಾರಿಗೆ ಪ್ರಾಣಿಗಳ ಮುಂದೆ ಕುಳಿತರು. ಗಲಾಪಗೋಸ್ ದ್ವೀಪದ ದೈತ್ಯ ಆಮೆ ಇವರನ್ನು ಕಂಡೊಡನೆ ದೂರ ಸರಿಯುತ್ತಿತ್ತಂತೆ. ಸಲ್ಗಾಡೊ ಮಂಡಿಯೂರಿ, ಅಂಗೈ ನೆಲಕ್ಕೂರಿ ಅದರ ಎತ್ತರಕ್ಕೇ ಇಳಿದು ಹಿಂದೆ ಮುಂದೆ ಚಲಿಸಿದ ಮೇಲೆ ಆಮೆ ನಿಂತಿತು. ಅನುಮತಿ ಪಡೆಯದೆ ಯಾರ ಚಿತ್ರವನ್ನೂ ತೆಗೆಯಲಾಗದು, ಆಮೆಯದನ್ನೂ ಕೂಡ ಎಂಬ ಪಾಠವನ್ನು ಅವರು ಆ ದಿನ ಕಲಿತರು. ಅದೇ ದ್ವೀಪದ ಕಡಲ ಇಗ್ವಾನಾದ ಮುಂಗಾಲು ಅವರ ಚಿತ್ರದಲ್ಲಿ ಉಕ್ಕಿನ ಬಳೆಗಳ ಕವಚ ತೊಟ್ಟ ಯೋಧನ ಕೈಯಂತಿದೆ. ಮನುಷ್ಯನ ಹಸ್ತಕ್ಕೂ ಅದಕ್ಕೂ ಇರುವ ಹೋಲಿಕೆ ನೋಡುಗನನ್ನು ಬೆಚ್ಚಿಬೀಳಿಸುತ್ತದೆ.

ಎಂಟು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಯಾತ್ರೆಗಳು. ಅಂಟಾರ್ಕ್ಟಿಕದ ಹಿಮಬಂಡೆಗಳು, ಸೈಬೀರಿಯದ ನೆನೆಟ್ಸ್ ಜನ, ದಕ್ಷಿಣ ಸುಡಾನಿನ ಡಿಂಕಾ ದನಗಾಹಿಗಳು. ಇಥಿಯೋಪಿಯದಲ್ಲಿ ಲಾಲಿಬೆಲಾದಿಂದ ಸಿಮಿಯೆನ್ ಪರ್ವತಗಳವರೆಗೆ ಸುಮಾರು 850 ಕಿ.ಮೀ. ದೂರವನ್ನು ಅವರು ನಡೆದೇ ಸವೆಸಿದರು. ಎರಡು ದಶಕಗಳ ಹಿಂದೆ ಹಸಿವಿನ ಚಿತ್ರ ತೆಗೆದಿದ್ದ ದೇಶವೇ ಅದು. ವಿಮಾನ ನಿಲ್ದಾಣಗಳ ತಪಾಸಣಾ ಯಂತ್ರಗಳು ಫಿಲ್ಮ್ ಸುರುಳಿಗಳನ್ನು ಹಾಳುಮಾಡುತ್ತಿದ್ದುದರಿಂದ 2008ರ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಹಿಡಿದರು. ಆದರೂ ಚಿತ್ರಗಳನ್ನು ಆಯ್ದುಕೊಳ್ಳುತ್ತಿದ್ದುದು ಹಳೆಯ ಪದ್ಧತಿಯಂತೆ ಕಾಗದದ ಮೇಲೆ ಸಾಲಾಗಿ ಅಚ್ಚು ಹಾಕಿಸಿ, ಭೂತಗನ್ನಡಿಯಲ್ಲಿ ನೋಡಿಯೇ. 2013ರಲ್ಲಿ 'ಜೆನೆಸಿಸ್' ಪ್ರಕಟವಾಯಿತು. ಮರುವರ್ಷ ವಿಮ್ ವೆಂಡರ್ಸ್ ಮತ್ತು ಹಿರಿಯ ಮಗ ಜೂಲಿಯಾನೊ ಸೇರಿ ತಯಾರಿಸಿದ 'ದಿ ಸಾಲ್ಟ್ ಆಫ್ ದಿ ಅರ್ಥ್' ಸಾಕ್ಷ್ಯಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ಕೊನೆಯ ಮಹಾಕೃತಿ 2021ರ 'ಅಮೆಜೋನಿಯಾ'. ಹನ್ನೆರಡು ಆದಿವಾಸಿ ಸಮುದಾಯಗಳ ನಡುವೆ ವರ್ಷಗಟ್ಟಲೆ ಇದ್ದು ತೆಗೆದ ಚಿತ್ರಗಳಿವು. ಕಾಡಿನ ಮರಗಳು ಹೊರಸೂಸುವ ತೇವ ಆಕಾಶದಲ್ಲಿ ನದಿಯಂತೆ ಹರಿದು ಸಾವಿರಾರು ಕಿ.ಮೀ. ಆಚೆಗೆ ಮಳೆ ಸುರಿಸುವ ವಿದ್ಯಮಾನವನ್ನು, ಅಲ್ಲಿನ ಜನ 'ಹಾರುವ ನದಿ' ಎಂದು ಕರೆಯುವುದನ್ನು, ಅವರು ವಿಮಾನದಿಂದ ಸೆರೆಹಿಡಿದರು. ಆದರೆ ಈ ಪುಸ್ತಕದ ಹೆಚ್ಚಿನ ಮಹತ್ವ ಬೇರೆ ಕಡೆ ಇದೆ. ಆದಿವಾಸಿಗಳ ಭಾವಚಿತ್ರಗಳ ಕೆಳಗೆ ಅವರವರ ಹೆಸರಿದೆ. ಇಂಥವರ ಮಗಳು, ಇಂಥವರ ಹೆಂಡತಿ ಎಂಬ ಸಂಬಂಧವಿದೆ. ಸೊಂಟ್ಯಾಗ್ ಅವರ ಟೀಕೆಗೆ ಉತ್ತರವಾಗಿ ಹೀಗೆ ಮಾಡಿದರೇ ಎಂಬುದು ಮುಖ್ಯವಲ್ಲ. ಮುಂಬೈ ನಿಲ್ದಾಣದ ಹೆಸರಿಲ್ಲದ ಪ್ರವಾಹದಿಂದ ಹೆಸರು ಹಿಡಿದು ಕರೆಯುವಲ್ಲಿಗೆ ಅವರು ಬಂದು ತಲುಪಿದ್ದರು. 2020ರಲ್ಲಿ ಕೋವಿಡ್ ಹರಡಿದಾಗ ಆದಿವಾಸಿಗಳ ರಕ್ಷಣೆಗಾಗಿ ಬ್ರೆಜಿಲ್ ಸರ್ಕಾರವನ್ನು ಒತ್ತಾಯಿಸಿ ಸಲ್ಗಾಡೊ ದಂಪತಿ ಜಾಗತಿಕ ಮನವಿಯನ್ನೂ ಹೊರಡಿಸಿದ್ದರು.

ತೀರದ ಲೆಕ್ಕ

ಇಷ್ಟಾಗಿಯೂ ಈ ಕಥೆಯನ್ನು ಪಾಪ ಮತ್ತು ಪ್ರಾಯಶ್ಚಿತ್ತದ ಪುರಾಣವಾಗಿಸಿದರೆ ಅನ್ಯಾಯವಾದೀತು. ರಿಯೊ ದೊಸಿ ಕಣಿವೆ ಕಬ್ಬಿಣದ ಅದಿರಿನ ನಾಡು. ಜಗತ್ತಿನ ಅತಿದೊಡ್ಡ ಅದಿರು ಕಂಪನಿಗಳಲ್ಲೊಂದಾದ ವಾಲೆ, 1942ರಲ್ಲಿ ಆ ನದಿಯ ಹೆಸರನ್ನೇ ಹೊತ್ತು ಹುಟ್ಟಿದ್ದು. 'ಜೆನೆಸಿಸ್' ಯೋಜನೆಗೆ ಪ್ರಾಯೋಜಕತ್ವ ನೀಡಿದ್ದು ಅದೇ ವಾಲೆ. ಕೆಡದ ಭೂಮಿಯ ಚಿತ್ರಗಳಿಗೆ ಭೂಮಿ ಅಗೆಯುವವರ ಹಣವೇ ಎಂದು ಪರಿಸರ ಹೋರಾಟಗಾರರು ಆಗಲೇ ಕೇಳಿದ್ದರು. 2015ರ ನವೆಂಬರ್ 5ರಂದು ಮಾರಿಯಾನಾ ಬಳಿ, ವಾಲೆ ಮತ್ತು ಬಿಎಚ್‌ಪಿ ಕಂಪನಿಗಳ ಪಾಲುದಾರಿಕೆಯ ಸಮಾರ್ಕೊ ಗಣಿಯ ತ್ಯಾಜ್ಯದ ಅಣೆಕಟ್ಟು ಒಡೆಯಿತು. 19 ಜನ ಸತ್ತರು. ಕೆಂಪು ಕೆಸರು 600 ಕಿ.ಮೀ.ಗೂ ಹೆಚ್ಚು ದೂರ ಹರಿದು, ಐಮೊರೆಸ್ ಪಟ್ಟಣವನ್ನೂ ಹಾದು ಅಟ್ಲಾಂಟಿಕ್ ಸಾಗರ ಸೇರಿತು. ಸಿಹಿ ನದಿ ಸತ್ತಿತು ಎಂದು ಜನ ಗೋಳಿಟ್ಟರು. ಸಲ್ಗಾಡೊ ಕಂಪನಿಗಳ ಹಣದಿಂದಲೇ ಇಡೀ ಕಣಿವೆಯ ಪುನರುಜ್ಜೀವನಕ್ಕೆ ನಿಧಿ ಸ್ಥಾಪಿಸಬೇಕೆಂದು ಸರ್ಕಾರದ ಮುಂದೆ ಪ್ರಸ್ತಾವವಿಟ್ಟರು.

ಒಂದು ಗುಡ್ಡದ ಕಾಡು ಒಂದು ನದಿಯನ್ನು ಉಳಿಸಲಾರದು ಎಂಬುದನ್ನು ಆ ಕೆಸರು ನಿಷ್ಠುರವಾಗಿ ಹೇಳಿತು. ನೆಲ ಅಗೆಯುವ ಅರ್ಥವ್ಯವಸ್ಥೆಯನ್ನು ಸೆರಾ ಪೆಲಾಡಾದಲ್ಲಿ ಅಷ್ಟು ಚೆನ್ನಾಗಿ ಕಂಡವರೇ ಅದರ ಹಣದ ಹಂಗಿನಿಂದ ಪೂರ್ತಿ ಪಾರಾಗಲಿಲ್ಲ ಎಂಬುದೂ ದಾಖಲಾಗಬೇಕಾದ ಸಂಗತಿಯೇ. ದೊಡ್ಡ ಯೋಜನೆಗಳಿಗೆ ದೊಡ್ಡ ಹಣ ಬೇಕು, ದೊಡ್ಡ ಹಣದ ಬೆನ್ನಿಗೆ ಎಲ್ಲಿಯದೋ ಮಣ್ಣು ಅಂಟಿರುತ್ತದೆ. ಸಂರಕ್ಷಣೆಯ ಕೆಲಸದಲ್ಲಿ ತೊಡಗಿದ ಎಲ್ಲರೂ ಎದುರಿಸುವ ಈ ಇಕ್ಕಟ್ಟಿಗೆ ಅವರ ಬದುಕಿನಲ್ಲೂ ಸುಲಭದ ಉತ್ತರವಿಲ್ಲ.

ಆದರೂ ಆ ಬದುಕು ಒಂದು ಅಳತೆಗೋಲನ್ನು ಬಿಟ್ಟುಹೋಗಿದೆ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಅಪಘಾತವಾದರೂ, ಪ್ರವಾಹ ಬಂದರೂ, ಕಾಡಿಗೆ ಬೆಂಕಿ ಬಿದ್ದರೂ ಮೊದಲು ಮೇಲೇಳುವುದು ಮೊಬೈಲ್ ಹಿಡಿದ ಕೈ. ನೋಡುವುದಕ್ಕೂ ತೋರಿಸುವುದಕ್ಕೂ ಬೆಲೆ ಇಷ್ಟು ಅಗ್ಗವಾಗಿರುವಾಗ, ತಾನು ಕಂಡದ್ದರ ಭಾರಕ್ಕೆ ಕುಸಿದು, ಕೊನೆಗೆ ತನ್ನದೇ ಮನೆತನ ಕಡಿದ ಕಾಡನ್ನು ಮತ್ತೆ ನೆಡಲು ಹೊರಟ ಛಾಯಾಗ್ರಾಹಕನ ಉದಾಹರಣೆ ನಮ್ಮನ್ನು ತುಸು ಮುಜುಗರಕ್ಕೆ ಈಡುಮಾಡಬೇಕು. ಸಲ್ಗಾಡೊ ಜಗತ್ತಿನ ಸಾಲವನ್ನೆಲ್ಲ ತೀರಿಸಲಿಲ್ಲ. ತಮ್ಮ ಪಾಲಿಗೆ ಬಂದ 600 ಹೆಕ್ಟೇರ್ ಲೆಕ್ಕವನ್ನು ಮಾತ್ರ ಚೊಕ್ಕವಾಗಿ ಒಪ್ಪಿಸಿದರು.

2010ರಲ್ಲಿ 'ಜೆನೆಸಿಸ್' ಯಾತ್ರೆಯ ವೇಳೆ ಇಂಡೋನೇಷ್ಯದಲ್ಲಿ ಅವರಿಗೆ ಮಲೇರಿಯಾ ತಗುಲಿತ್ತು. ಅದರ ಪರಿಣಾಮವಾಗಿಯೇ ಹದಿನೈದು ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಬಂದು ಅವರ ಜೀವ ಒಯ್ದಿತೆಂದು ಕುಟುಂಬ ತಿಳಿಸಿತು. ಐಮೊರೆಸ್‌ನ ಸಸ್ಯಾಗಾರ ಅವರ ನಂತರವೂ ಮುಚ್ಚಲಿಲ್ಲ. ಕಣಿವೆಯ ರೈತರ ಸಾವಿರಾರು ನೀರಿನ ಸೆಲೆಗಳು ಸಸಿಗಳಿಗಾಗಿ ಕಾದಿವೆ. ಬೀಜ ಆಯುವವರು, ಗುಂಡಿ ತೋಡುವವರು ಕೆಲಸ ಮುಂದುವರಿಸಿದ್ದಾರೆ.